ನಲವತ್ತಾರು ಕುದುರೆಗಳ ಲೆಕ್ಕ

ಹಾರ್ಸ್‌ಪವರ್ ಎಂಬ ಮಾತು ಹುಟ್ಟಿದ್ದು ವರ್ಕ್‌ಶಾಪಿನಲ್ಲಿ ಎಂದು ಬಹಳ ಜನ ತಿಳಿದಿದ್ದಾರೆ. ನನ್ನ ಮಟ್ಟಿಗೆ ಅದು ಹುಟ್ಟಿದ್ದು ಬಿಲ್ ಬರೆಯುವ ಮೇಜಿನ ಮೇಲೆ. 1780ರ ದಶಕದಲ್ಲಿ ಜೇಮ್ಸ್ ವ್ಯಾಟ್ ತನ್ನ ಉಗಿಯಂತ್ರಗಳನ್ನು ಗಿರಣಿಯವರಿಗೆ ಒಪ್ಪಿಸುವಾಗ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: ಇದನ್ನು ತಂದರೆ ನನ್ನ ಲಾಯದಲ್ಲಿ ಎಷ್ಟು ಕುದುರೆ ಕಡಿಮೆ ಮಾಡಬಹುದು? ಅದಕ್ಕೆ ಉತ್ತರ ಕೊಡಲು ಆತ ಒಂದು ಕುದುರೆಯ ದುಡಿಮೆಯನ್ನು ನಿಮಿಷಕ್ಕೆ 33,000 ಅಡಿ-ಪೌಂಡು ಎಂದು ನಿಗದಿ ಮಾಡಿದ. ಯಂತ್ರದ ಶುಲ್ಕವನ್ನೂ ಕುದುರೆಗಳ ಲೆಕ್ಕದಲ್ಲೇ ವಸೂಲಿ ಮಾಡಿದ. ಇಂದಿನ ಅಳತೆಯಲ್ಲಿ ಅದು ಸುಮಾರು 746 ವ್ಯಾಟ್. ಅಂದರೆ ಈ ಶಕ್ತಿಯ ಅಳತೆ ಮೊದಲಿನಿಂದಲೂ ನಮ್ಮ ಕಸುಬಿಗೆ ಹತ್ತಿರದ್ದು. ಕಾರಿನ ವಿಷಯದಲ್ಲಿ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಬಾಯಿ ಹಾಕುವುದಕ್ಕೆ ನನಗೆ ಇಷ್ಟು ಸಮರ್ಥನೆ ಸಾಕು.

ನಾನು ಸಾಗರದಲ್ಲಿ ಬಿ.ಕಾಂ. ಮುಗಿಸಿ, ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮಾಡಿ, ಸಿ.ಎ. ಪಾಸಾಗಿ, ಮೂವತ್ತು ತುಂಬುವ ಮೊದಲೇ ದುಬೈಗೆ ಬಂದವನು. ವೃತ್ತಿಯ ಮೊದಲ ಹದಿನೈದು ವರ್ಷ ಬೇರೆಯವರ ಕಾರುಗಳಿಗೆ ಸವಕಳಿ ಹಾಕಿದ್ದೇ ಹಾಕಿದ್ದು. ಸ್ವಂತಕ್ಕೆ ಇದ್ದದ್ದು ಮಕ್ಕಳ ಶಾಲೆಗೂ ಸೂಪರ್ ಮಾರ್ಕೆಟ್ಟಿಗೂ ಹೋಗಿ ಬರುವ ಬಿಳಿ ಸೆಡಾನ್. ನಲವತ್ತು ದಾಟಿದ ಮೇಲೆ ಒಂದು ಆಸೆ ಬಂತು. ಗಂಡಸರಿಗೆ ಆ ವಯಸ್ಸಿನಲ್ಲಿ ಬರುವ ಆಸೆಗಳಲ್ಲಿ ಕಾರಿನದು ಅತ್ಯಂತ ನಿರಪಾಯಕಾರಿ ಎಂದು ನನ್ನ ಹೆಂಡತಿ ಅನುಮತಿ ಕೊಟ್ಟಳು.

ಕಾರು ಕೊಟ್ಟವನು ಭದ್ರಾವತಿಯ ಹುಡುಗ. ಹುಡುಗ ಅಂದರೆ ಮೂವತ್ನಾಲ್ಕು ವರ್ಷ, ಸಿವಿಲ್ ಎಂಜಿನಿಯರ್. ರಾಜ್ಯೋತ್ಸವದ ಕಾರ್ಯಕ್ರಮವೊಂದರಲ್ಲಿ ಕುರ್ಚಿ ಜೋಡಿಸುವಾಗ ಪರಿಚಯವಾದವನು, ಒಂದೇ ಜಿಲ್ಲೆಯವರು ಎಂದು ಗೊತ್ತಾದ ಮೇಲೆ ಮನೆಯವನೇ ಆದ. ನನ್ನನ್ನು ಅಣ್ಣ ಎನ್ನುತ್ತಾನೆ, ನನ್ನ ಹೆಂಡತಿಯನ್ನು ಅತ್ತಿಗೆ ಎನ್ನುತ್ತಾನೆ. ಅವನ ಪ್ರಾಜೆಕ್ಟ್ ಮುಗಿದು, ಮುಂದಿನದು ಸಿಗದೆ, 2023ರ ಮಾರ್ಚಿನಲ್ಲಿ ಅವನು ಊರಿಗೆ ಹೊರಟ. ಗ್ರಾಚ್ಯುಯಿಟಿ ಬಿಟ್ಟರೆ ಕೈಯಲ್ಲಿ ದೊಡ್ಡ ಗಂಟೇನೂ ಇರಲಿಲ್ಲ. ಇದ್ದದ್ದೊಂದು ಕಾರು: ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ನು, ಆರು ಗೇರಿನ ಮ್ಯಾನುಯಲ್, ಕಾಗದದ ಮೇಲೆ ಮುನ್ನೂರು ಕುದುರೆ. ಕಂಪನಿ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. 88,000 ದಿರ್ಹಮಿಗೆ ನಾನು ಕೊಂಡೆ. ಕೀಲಿಯ ಜೊತೆ ಅವನು ಒಂದು ದಪ್ಪ ಫೈಲು ಕೊಟ್ಟ. ಪ್ರತಿ ಸರ್ವಿಸ್ಸಿನ ಬಿಲ್ಲು, ಟೈರಿನ ವಾರಂಟಿ, ಜನವರಿಯಲ್ಲಿ ಡೈನೊ ಮೇಲೆ ಓಡಿಸಿದಾಗಿನ ಕಾಗದ, ಮಾರ್ಚಿನಲ್ಲಿ ಕಾರಿನ ಕಂಪ್ಯೂಟರಿನಿಂದ ಇಳಿಸಿಟ್ಟ ದಾಖಲೆಯ ಪೆನ್‌ಡ್ರೈವ್, ಎಲ್ಲವೂ ತಾರೀಖಿನ ಕ್ರಮದಲ್ಲಿ. ಅಷ್ಟು ಅಚ್ಚುಕಟ್ಟಾದ ಫೈಲನ್ನು ನನ್ನ ಕೆಲವು ಕಕ್ಷಿದಾರರೂ ಇಟ್ಟಿಲ್ಲ.

ಡೈನೊ ಗೊತ್ತಿಲ್ಲದವರಿಗೆ ಒಂದು ಮಾತು. ಕಾರಿನ ಚಕ್ರಗಳನ್ನು ದೊಡ್ಡ ಉರುಳೆಗಳ ಮೇಲೆ ನಿಲ್ಲಿಸಿ, ಬಿಗಿದು ಕಟ್ಟಿ, ನಿಂತಲ್ಲೇ ಪೂರ್ತಿ ವೇಗಕ್ಕೆ ಓಡಿಸಿ ಶಕ್ತಿ ಅಳೆಯುವ ಯಂತ್ರ ಅದು. ಅಲ್ಲಿ ಸಿಗುವ ಅಂಕಿ ಕಂಪನಿಯ ಪುಸ್ತಕದ ಅಂಕಿಗಿಂತ ಯಾವಾಗಲೂ ಕಡಿಮೆ. ಕಾರಣ, ಪುಸ್ತಕದ್ದು ಎಂಜಿನ್ನಿನ ಬಾಯಲ್ಲಿ ಅಳೆದದ್ದು, ಉರುಳೆಯದು ಗೇರ್‌ಬಾಕ್ಸು, ಆಕ್ಸಲು, ಟೈರು ತಮ್ಮ ತಮ್ಮ ಪಾಲು ತಿಂದ ಮೇಲೆ ಉಳಿದದ್ದು. ಸಂಬಳದ ಚೀಟಿಯಲ್ಲಿ ಮೇಲಿನ ಸಾಲಿಗೂ ಕೈಗೆ ಬರುವ ಸಾಲಿಗೂ ಇರುವ ಅಂತರವೇ ಇದು. ಜೊತೆಗೆ ಯುರೋಪಿನ ಮೆಟ್ರಿಕ್ ಕುದುರೆ 735.5 ವ್ಯಾಟ್, ವ್ಯಾಟನ ಕುದುರೆಗಿಂತ ಸ್ವಲ್ಪ ಬಡಕಲು. ಪುಸ್ತಕದ ಮುನ್ನೂರು ಮೆಟ್ರಿಕ್ ಕುದುರೆ ಎಂದರೆ ವ್ಯಾಟನ ಕುದುರೆಯಲ್ಲಿ 296. ಹೀಗೆ ಕಳೆದೂ ಕೂಡಿಯೂ ಜನವರಿಯ ಕಾಗದದಲ್ಲಿ ಇದ್ದದ್ದು 247. ಆರೋಗ್ಯವಂತ ಕಾರಿಗೆ ಅದು ಸರಿಯಾದ ಅಂಕಿ.

ಜುಲೈ ಬರುವ ಹೊತ್ತಿಗೆ ಕಾರಿನಲ್ಲಿ ಏನೋ ಕಡಿಮೆಯಾಗಿದೆ ಅನಿಸತೊಡಗಿತು. ಶೇಖ್ ಜಾಯೆದ್ ರಸ್ತೆಗೆ ಪಕ್ಕದಿಂದ ಸೇರಿಕೊಳ್ಳುವಾಗ ಮೊದಲು ಮೂರನೇ ಗೇರಿನಲ್ಲೇ ಚಿಮ್ಮುತ್ತಿದ್ದ ಕಾರು ಈಗ ಯೋಚನೆ ಮಾಡಿ ಹೊರಡುತ್ತಿತ್ತು. ಎಚ್ಚರಿಕೆಯ ದೀಪ ಹತ್ತಲಿಲ್ಲ, ಹೊಗೆ ಇಲ್ಲ, ವಿಚಿತ್ರ ಸದ್ದಿಲ್ಲ. ನಿಂತಾಗ ಎಂಜಿನ್ನು ಹಾಲು ಕುಡಿದ ಬೆಕ್ಕಿನ ಹಾಗೆ ಶಾಂತ. ಅನುಮಾನವನ್ನು ಅಂಕಿಗೆ ಇಳಿಸದೆ ನನಗೆ ನಿದ್ದೆ ಬರುವುದಿಲ್ಲ. ಅಲ್ ಕೂಜ್‌ನಲ್ಲಿ ಜನವರಿಯ ಪರೀಕ್ಷೆ ನಡೆದಿದ್ದ ಅದೇ ಉರುಳೆಯ ಮೇಲೆ, ಅದೇ ಗೇರಿನಲ್ಲಿ, ಟೈರಿಗೆ ಅಷ್ಟೇ ಗಾಳಿ ಹಾಕಿಸಿ ಓಡಿಸಿದೆ. ಕಾಗದ ಹೊರಬಂತು: 201. ಆರು ತಿಂಗಳಲ್ಲಿ ನಲವತ್ತಾರು ಕುದುರೆ ಲಾಯದಿಂದ ಮಾಯ.

ಅಲ್ಲಿಯ ತಂತ್ರಜ್ಞ ಬಾನೆಟ್ಟನ್ನು ಪೂರ್ತಿ ಎತ್ತುವ ಮೊದಲೇ ತೀರ್ಪು ಕೊಟ್ಟ. ಟರ್ಬೊ ಸವೆದಿದೆ, ಹೊಸದಕ್ಕೂ ಕೂಲಿಗೂ ಸೇರಿ 14,500 ದಿರ್ಹಮ್.

ಇಷ್ಟೇ ಆಗಿದ್ದರೆ ಇದು ಬರೀ ರಿಪೇರಿಯ ಕಥೆ. ಆದರೆ ಪರದೇಶದಲ್ಲಿ ನಾವು ಕನ್ನಡದವರು ಒಂದು ಸಣ್ಣ ಕೇರಿಯಲ್ಲಿ ಬದುಕುತ್ತೇವೆ. ಶನಿವಾರ ಸಂಜೆ ಒಂದು ಮನೆಯಲ್ಲಿ ಅವಲಕ್ಕಿ ತಿನ್ನುತ್ತಾ ಆಡಿದ ಮಾತು ಭಾನುವಾರ ಬೆಳಗ್ಗೆ ಹತ್ತು ಮನೆಯಲ್ಲಿರುತ್ತದೆ. ನನ್ನ ಕಾರಿನ ಸುದ್ದಿ ಹಾಗೆಯೇ ಹರಡಿತು, ಹರಡುತ್ತಾ ಬೇರೆ ರೂಪ ತಾಳಿತು. “ಟರ್ಬೊ ಹೋಗಿರೋದು ಅವನಿಗೆ ಗೊತ್ತಿತ್ತು ಬಿಡ್ರಿ, ಅದಕ್ಕೇ ಅರ್ಜೆಂಟಾಗಿ ಮಾರಿ ವಿಮಾನ ಹತ್ತಿದ” ಎಂದರು ಒಬ್ಬರು. “ಆ ಫೈಲು ಇಟ್ಟಿದ್ದೇ ನಿಮ್ಮ ಕಣ್ಣು ಕಟ್ಟೋಕೆ” ಎಂದರು ಇನ್ನೊಬ್ಬರು. ನಮ್ಮ ಬಳಗದ ಹಿರಿಯರೊಬ್ಬರು ಅಬುಧಾಬಿಯ ಒಂದು ಕಂಪನಿಯಲ್ಲಿ ಅವನಿಗೊಂದು ಕೆಲಸದ ವಿಷಯ ಮಾತಾಡುತ್ತಿದ್ದರು. ಈ ಮಾತು ಕಿವಿಗೆ ಬಿದ್ದ ಮೇಲೆ ಅವರು, “ಸ್ವಲ್ಪ ದಿನ ನೋಡೋಣ” ಎಂದು ಸುಮ್ಮನಾದರು. ಕೇಳಲು ಮೃದುವಾದ ಮಾತು. ಆದರೆ ಊರಲ್ಲಿ ಕೆಲಸವಿಲ್ಲದೆ ಕುಳಿತವನಿಗೆ ಅದರ ಬೆಲೆ ಟರ್ಬೊಗಿಂತ ಹೆಚ್ಚು.

ಸುದ್ದಿ ಭದ್ರಾವತಿಗೂ ಮುಟ್ಟಿತು. ಒಂದು ರಾತ್ರಿ ಅವನ ಸಂದೇಶ ಬಂತು. “ಅಣ್ಣ, ಕಾರು ಕೈ ಕೊಟ್ಟಿದೆ ಅಂತ ಕೇಳಿದೆ. ನಾನು ಕೊಡುವಾಗ ಸರಿಯಿತ್ತು. ಆದರೂ ನಿಮಗೆ ನಷ್ಟ ಆಗಬಾರದು. ಹತ್ತು ಸಾವಿರ ದಿರ್ಹಮ್ ಕಳಿಸ್ತೀನಿ, ಅಕೌಂಟ್ ನಂಬರ್ ಹೇಳಿ.” ಆ ಹತ್ತು ಸಾವಿರ ಅವನ ಗ್ರಾಚ್ಯುಯಿಟಿಯಿಂದ ಬರಬೇಕಾದದ್ದು ಎಂದು ಲೆಕ್ಕ ಗೊತ್ತಿರುವ ನನಗೆ ತಿಳಿಯದೆ? ಇಲ್ಲಿಯ ಕಾನೂನಿನ ಪ್ರಕಾರ ಮೊದಲ ಐದು ವರ್ಷಕ್ಕೆ ವರ್ಷವೊಂದಕ್ಕೆ ಇಪ್ಪತ್ತೊಂದು ದಿನದ ಮೂಲವೇತನ. ಹತ್ತು ಸಾವಿರ ಕಳಿಸಿದರೆ ಅವನ ಎಷ್ಟು ವರ್ಷದ ದುಡಿಮೆ ಕರಗುತ್ತದೆ ಎಂದು ಬೆರಳಲ್ಲೇ ಎಣಿಸಬಹುದು.

ಹೆಂಡತಿ ಸಂದೇಶ ಓದಿ ಫೋನು ವಾಪಸ್ ಕೊಡುತ್ತಾ ಹೇಳಿದಳು: “ರೀ, ದುಡ್ಡು ತಗೊಂಡ್ರೆ ಅವನು ತಪ್ಪು ಒಪ್ಪಿಕೊಂಡ ಅಂತಾಗುತ್ತೆ. ತಗೊಳ್ಳದೆ ಸುಮ್ಮನಿದ್ರೆ ನೀವು ದೊಡ್ಡ ಮನಸ್ಸು ಮಾಡಿ ಬಿಟ್ರಿ ಅಂತಾಗುತ್ತೆ. ಎರಡರಲ್ಲೂ ಅವನೇ ಕಳ್ಳ.” ಇಷ್ಟು ಸ್ಪಷ್ಟವಾದ ಅಭಿಪ್ರಾಯವನ್ನು ನಾನು ಆಡಿಟ್ ವರದಿಗಳಲ್ಲಿ ಕಂಡದ್ದು ಅಪರೂಪ. ಉಳಿದ ದಾರಿ ಒಂದೇ: ನಲವತ್ತಾರು ಕುದುರೆ ಎಲ್ಲಿ ಹೋದವು, ಯಾವಾಗ ಹೋದವು ಎಂದು ಪತ್ತೆ ಮಾಡುವುದು. ಅವನಿಗೆ, “ದುಡ್ಡು ಕಳಿಸಬೇಡ, ಲೆಕ್ಕ ಮುಗಿಯಲಿ” ಎಂದಷ್ಟೇ ಉತ್ತರ ಬರೆದೆ.

ಸಿ.ಎ. ಓದಿದ ಪ್ರತಿಯೊಬ್ಬರಿಗೂ 1896ರ ಕಿಂಗ್‌ಸ್ಟನ್ ಕಾಟನ್ ಮಿಲ್ ಮೊಕದ್ದಮೆ ಬಾಯಿಪಾಠ. ಲೆಕ್ಕಪರಿಶೋಧಕ ಕಾವಲು ನಾಯಿಯೇ ಹೊರತು ವಾಸನೆ ಹಿಡಿದು ಅಟ್ಟುವ ಬೇಟೆನಾಯಿ ಅಲ್ಲ ಎಂದು ನ್ಯಾಯಮೂರ್ತಿ ಲೋಪ್ಸ್ ಹೇಳಿದ ಪ್ರಕರಣ ಅದು. ಕಳ್ಳ ಇದ್ದೇ ಇದ್ದಾನೆ ಎಂದು ಮೊದಲೇ ನಿಶ್ಚಯಿಸಿ ಪುಸ್ತಕ ತೆರೆಯಬಾರದು, ಪುರಾವೆ ಕರೆದಲ್ಲಿಗೆ ಹೋಗಬೇಕು. ನಮ್ಮ ಹಿರಿಯರು ಇದನ್ನೇ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು. ಇಲ್ಲಿ ಪ್ರತ್ಯಕ್ಷವಾಗಿ ಕಂಡವರೂ ಯಾರೂ ಇರಲಿಲ್ಲ.

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಉಪ್ಪಿನಂಗಡಿ ಕಡೆಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಎಲ್ಲರೂ ಕಾಕ ಎನ್ನುತ್ತಾರೆ, ನಾನೂ ಹಾಗೇ ಎನ್ನುತ್ತೇನೆ. ಮೂವತ್ತು ವರ್ಷದಿಂದ ಈ ಮರಳಲ್ಲಿ ಎಂಜಿನ್ನು ಬಿಚ್ಚುತ್ತಾ ಬಂದವರು. ಎರಡು ಡೈನೊ ಕಾಗದಗಳನ್ನೂ ಪಕ್ಕಪಕ್ಕ ಹಿಡಿದು ನೋಡಿ, “ಎಂತ ಸಾರ್, ನಲವತ್ತಾರೂ ಒಬ್ಬನೇ ಕದ್ದದ್ದು ಅಂತ ಯಾರು ಹೇಳಿದ್ದು ನಿಮಗೆ?” ಎಂದರು. ನನಗೆ ಮನುಷ್ಯ ಇಷ್ಟವಾದರು. ಬ್ಯಾಂಕಿನ ಪಾಸ್‌ಬುಕ್ಕಿಗೂ ನಮ್ಮ ಪುಸ್ತಕಕ್ಕೂ ಶಿಲ್ಕು ತಾಳೆಯಾಗದಿದ್ದಾಗ ನಾವು ಮಾಡುವುದೂ ಇದನ್ನೇ. ವ್ಯತ್ಯಾಸವನ್ನು ಒಟ್ಟಾಗಿ ನೋಡುವುದಿಲ್ಲ, ಬಿಡಿಸುತ್ತೇವೆ. ಇಷ್ಟು ಬ್ಯಾಂಕಿನ ಶುಲ್ಕ, ಇಷ್ಟು ನಗದಾಗದ ಚೆಕ್ಕು, ಇಷ್ಟು ಬರೆಯುವಾಗಿನ ತಪ್ಪು. ಕೊನೆಗೆ ಉಳಿದದ್ದು ಮಾತ್ರ ಪ್ರಶ್ನೆ.

“ಇನ್ನೊಂದು” ಎಂದರು ಕಾಕ. “ಒಮ್ಮೆಗೆ ಒಂದೇ ಬದಲಿಸುವ. ಎರಡು ಒಟ್ಟಿಗೆ ಮಾಡಿದ್ರೆ ಯಾವುದರಿಂದ ಗುಣ ಆಯ್ತು ಅಂತ ಗೊತ್ತಾಗುದಿಲ್ಲ.”

ಮೊದಲ ಸಾಲು ಸೆಖೆಯದು. ಜನವರಿಯ ಪರೀಕ್ಷೆ ನಡೆದಾಗ ಡೈನೊ ಶೆಡ್ಡಿನಲ್ಲಿ 21 ಡಿಗ್ರಿ, ಜುಲೈ ಮಧ್ಯಾಹ್ನ 45. ಎಂಜಿನ್ನು ಓಡುವುದು ಪೆಟ್ರೋಲಿನಿಂದ ಎನ್ನುತ್ತೇವೆ, ಆದರೆ ಅದರ ಹಸಿವು ಹೆಚ್ಚಾಗಿ ಗಾಳಿಯದು. ಗಾಳಿ ಕಾದಷ್ಟೂ ತೆಳುವಾಗುತ್ತದೆ. ಅದೇ ಗಾತ್ರದಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಸುಡಬಹುದಾದ ಪೆಟ್ರೋಲೂ ಕಡಿಮೆ. ಟರ್ಬೊ ಗಾಳಿಯನ್ನು ಒತ್ತುವಾಗ ಅದು ಮತ್ತಷ್ಟು ಕಾಯುತ್ತದೆ, ತಣಿಸಲು ಮುಂದೆ ಇಂಟರ್‌ಕೂಲರ್ ಇದೆ. ಆದರೆ 45 ಡಿಗ್ರಿಯ ಗಾಳಿಯಿಂದ ಏನನ್ನು ತಣಿಸಲಾದೀತು? ಬಿಸಿ ಹೆಚ್ಚಾದಾಗ ಸಿಲಿಂಡರಿನೊಳಗೆ ಇಂಧನ ಸಮಯಕ್ಕೆ ಮೊದಲೇ ಸಿಡಿಯುವ ಅಪಾಯವಿದೆ. ಅದನ್ನು ಕೇಳಿಸಿಕೊಳ್ಳಲು ಒಂದು ಸೆನ್ಸರ್ ಇದೆ, ಅದು ಎಚ್ಚರಿಸಿದ ಕೂಡಲೇ ಕಂಪ್ಯೂಟರ್ ಕಿಡಿಯನ್ನು ತಡಮಾಡುತ್ತದೆ. ಎಂಜಿನ್ನು ಉಳಿಯುತ್ತದೆ, ಶಕ್ತಿ ಇಳಿಯುತ್ತದೆ. ಇದನ್ನು ಅಳೆಯಲು ಏನನ್ನೂ ಮುಟ್ಟದೆ ರಾತ್ರಿ ಹನ್ನೊಂದಕ್ಕೆ, 33 ಡಿಗ್ರಿಯಲ್ಲಿ ಮತ್ತೆ ಉರುಳೆಯ ಮೇಲೆ ಓಡಿಸಿದೆವು. 213. ಅಂದರೆ ಹನ್ನೆರಡು ಕುದುರೆ ಬರೀ ಹಗಲಿನ ಬಿಸಿಲಿನ ಪಾಲು. ಅವು ಕಳುವಾದವಲ್ಲ, ನೆರಳಿಗೆ ಹೋಗಿ ಮಲಗಿದವು.

ಎರಡನೆಯದು ಪೆಟ್ರೋಲು. ಇಲ್ಲಿ ಪಂಪುಗಳಲ್ಲಿ 91, 95, 98 ಎಂದು ಮೂರು ಬಗೆ. ಅಂಕಿ ಹೆಚ್ಚಿದಷ್ಟೂ ಅಕಾಲದಲ್ಲಿ ಸಿಡಿಯದೆ ತಡೆದುಕೊಳ್ಳುವ ಗುಣ ಹೆಚ್ಚು. ಈ ಎಂಜಿನ್ನಿಗೆ 98 ಬೇಕು. ನಾನು ಪ್ರತಿ ಬಾರಿ ಪೆಟ್ರೋಲ್ ಹಾಕಿಸಿದ ಚೀಟಿಯನ್ನೂ ಇಟ್ಟುಕೊಳ್ಳುವವನು. ಕಾಕನ ಮುಂದೆ ಹರಡಿದೆ, ಎಲ್ಲವೂ 98. ಅವರು ನಕ್ಕರು. “ಗಿರಾಕಿಗಳಲ್ಲಿ ಇಂಥವರನ್ನು ನಾನು ನೋಡ್ಲಿಲ್ಲ ಮಾರಾಯ್ರೆ.” ಪೆಟ್ರೋಲಿನ ಸಾಲಿಗೆ ಸೊನ್ನೆ ಬರೆದೆವು.

ಮೂರನೆಯದು ಏರ್ ಫಿಲ್ಟರ್. ಬಿಚ್ಚಿದರೆ ಮಡಿಕೆಗಳ ನಡುವೆ ಹಿಟ್ಟಿನಂಥ ಮರಳು. ಧೂಳಿನ ಗಾಳಿ ಬೀಸುವ ಊರಿನಲ್ಲಿ ಅದು ಸಹಜ. ಹೊಸದು ಹಾಕಿ ಮರುದಿನ ರಾತ್ರಿ ಅದೇ ಹೊತ್ತಿಗೆ ಓಡಿಸಿದೆವು: 215. ಎರಡು ಕುದುರೆ ವಾಪಸ್.

ಆಮೇಲೆ ಎಂಜಿನ್ನಿನ ಒಳಗಿನ ಆರೋಗ್ಯ. ನಾಲ್ಕೂ ಪ್ಲಗ್ ಬಿಚ್ಚಿ ಒತ್ತಡದ ಮೀಟರ್ ಕೂರಿಸಿ ನೋಡಿದರು. ನಾಲ್ಕೂ ಸಿಲಿಂಡರು ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಿದವು. ಪಿಸ್ಟನ್ ರಿಂಗು, ವಾಲ್ವು ಸವೆದಿದ್ದರೆ ಒಂದಾದರೂ ಹಿಂದೆ ಬೀಳುತ್ತಿತ್ತು. ಕಿಡಿ ತಪ್ಪಿದ ಎಣಿಕೆ ಕಂಪ್ಯೂಟರಿನಲ್ಲಿ ಸೊನ್ನೆ, ಹಾಗಾಗಿ ಪ್ಲಗ್ಗೂ ಕಾಯಿಲೂ ನಿರಪರಾಧಿಗಳು. ಕ್ಲಚ್ ಜಾರುತ್ತಿದ್ದರೆ ಡೈನೊ ಕಾಗದದಲ್ಲಿ ಎಂಜಿನ್ನಿನ ಸುತ್ತು ಏರಿ ಚಕ್ರದ ವೇಗ ಹಿಂದುಳಿಯಬೇಕು. ಎರಡೂ ಜೊತೆಯಾಗೇ ಏರಿದ್ದವು. ಸೈಲೆನ್ಸರ್ ಕಡೆಯ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದ್ದರೆ ಹೊಗೆ ಹೊರಹೋಗಲಾರದೆ ಹಿಂದಕ್ಕೆ ಒತ್ತುತ್ತದೆ. ಆಕ್ಸಿಜನ್ ಸೆನ್ಸರಿನ ತೂತಿಗೆ ಮೀಟರ್ ಸಿಕ್ಕಿಸಿ ಅದನ್ನೂ ನೋಡಿದರು. ಒತ್ತಡ ಏನೂ ಇಲ್ಲ.

ಇನ್ನು ಉಳಿದದ್ದು ಟರ್ಬೊ. ಕಾಕ ಅದರ ಬಾಯಿಯ ಪೈಪು ಕಳಚಿ ಬೆರಳಿನಿಂದ ಶಾಫ್ಟನ್ನು ಅಲ್ಲಾಡಿಸಿದರು. ಅಲ್ಲಾಡಲಿಲ್ಲ. ರೆಕ್ಕೆಗಳ ತುದಿಯಲ್ಲಿ ಗೀರಿಲ್ಲ. “ಟರ್ಬೊ ಹೋದ್ರೆ ಸುಮ್ಮನೆ ಕೂರುದಿಲ್ಲ ಸಾರ್. ಬೊಬ್ಬೆ ಹಾಕ್ತದೆ, ನೀಲಿ ಹೊಗೆ ಬಿಡ್ತದೆ, ಎಣ್ಣೆ ಕುಡಿತದೆ. ಇದು ಪಾಪ, ದುಡಿತಾ ಉಂಟು.”

ದುಡಿಯುತ್ತಿದೆ ಎಂಬ ಅವರ ಮಾತಿಗೆ ಪುರಾವೆ ಸಿಕ್ಕಿದ್ದು ಭದ್ರಾವತಿಯ ಹುಡುಗ ಕೊಟ್ಟ ಪೆನ್‌ಡ್ರೈವಿನಲ್ಲಿ. ಕಾರಿನ ಕಂಪ್ಯೂಟರ್ ಪ್ರತಿ ಕ್ಷಣವೂ ಇಷ್ಟು ಒತ್ತಡ ಬೇಕು ಎಂದು ಕೇಳುತ್ತದೆ, ನಿಜವಾಗಿ ಎಷ್ಟು ಬಂತು ಎಂದೂ ಬರೆದಿಡುತ್ತದೆ. ಬಜೆಟ್ಟು ಮತ್ತು ವಾಸ್ತವ. ಟರ್ಬೊಗೆ ಹೋಗುವ ಹೊಗೆಯ ಬಾಗಿಲನ್ನು ಎಷ್ಟು ಬಿಗಿಯಾಗಿ ಹಿಡಿದಿರಬೇಕಾಯಿತು ಎಂಬ ಅಂಕಿಯೂ ಅಲ್ಲಿದೆ. ಆ ಬಾಗಿಲಿಗೆ ವೇಸ್ಟ್‌ಗೇಟ್ ಎನ್ನುತ್ತಾರೆ. ಮಾರ್ಚಿನ ದಾಖಲೆಯಲ್ಲಿ 5,500 ಸುತ್ತಿನಲ್ಲಿ ಕೇಳಿದ್ದು 1.3 ಬಾರ್, ಬಂದದ್ದು 1.3, ಅದಕ್ಕೆ ಪಟ್ಟ ಶ್ರಮ ಶೇ. 58. ಜುಲೈಯಲ್ಲಿ ಕೇಳಿದ್ದು ಅಷ್ಟೇ, ಬಂದದ್ದು 1.1, ಶ್ರಮ ಶೇ. 92. ಟರ್ಬೊ ಮೊದಲಿಗಿಂತ ಹೆಚ್ಚು ದುಡಿದು ಕಡಿಮೆ ಕೊಡುತ್ತಿತ್ತು. ದುಡಿದದ್ದು ಮನೆ ಸೇರುತ್ತಿರಲಿಲ್ಲ. ಕೊರತೆ ಒಂದು ಮಿತಿ ಮೀರಿ, ಸಾಕಷ್ಟು ಹೊತ್ತು ಉಳಿದರೆ ಮಾತ್ರ ಕಂಪ್ಯೂಟರ್ ಪಿ0299 ಎಂಬ ಸಂಕೇತ ಬರೆದು ದೀಪ ಹತ್ತಿಸುತ್ತದೆ. ಇದು ಮಿತಿಯ ಒಳಗೇ ಇತ್ತು. ನಮ್ಮಲ್ಲಿಯೂ ಹೀಗೆಯೇ, ಸಣ್ಣ ಸೋರಿಕೆ ವರದಿಯಲ್ಲಿ ಕಾಣಿಸುವುದಿಲ್ಲ.

ಇನ್ನೊಂದು ಸುಳಿವೂ ಇತ್ತು. ಗಾಳಿಯನ್ನು ಅಳೆಯುವ ಸೆನ್ಸರ್ ಇರುವುದು ಟರ್ಬೊಗೂ ಮೊದಲು. ಅಲ್ಲಿ ಲೆಕ್ಕಕ್ಕೆ ಬಂದ ಗಾಳಿ ಮುಂದೆ ದಾರಿಯಲ್ಲಿ ಸೋರಿದರೆ, ಎಂಜಿನ್ನು ಬಾರದ ಗಾಳಿಗೂ ಪೆಟ್ರೋಲು ಸುರಿಯುತ್ತದೆ. ಭಾರ ಬಿದ್ದಾಗ ಮಾತ್ರ ಮಿಶ್ರಣದಲ್ಲಿ ಪೆಟ್ರೋಲು ಹೆಚ್ಚಾಗಿ, ಕಂಪ್ಯೂಟರ್ ಅದನ್ನು ಕಡಿಮೆ ಮಾಡಲು ಹೆಣಗುತ್ತಿದ್ದದ್ದು ದಾಖಲೆಯಲ್ಲಿ ಕಂಡಿತು. ಸೈಲೆನ್ಸರಿನ ತುದಿಯಲ್ಲಿ ಕಪ್ಪು ಮಸಿಯೂ ಇತ್ತು. ನಿಂತಾಗ ಎಲ್ಲವೂ ಸರಿ, ಏಕೆಂದರೆ ಆಗ ಆ ಪೈಪಿನಲ್ಲಿ ಒತ್ತಡವೇ ಇರುವುದಿಲ್ಲ. ಸರಕು ಬಂದ ರಶೀದಿ ಇದೆ, ಉಗ್ರಾಣದಲ್ಲಿ ಸರಕಿಲ್ಲ. ಇಂಥ ಕಡೆ ಹುಡುಕಬೇಕಾದದ್ದು ಗೇಟಿಗೂ ಉಗ್ರಾಣಕ್ಕೂ ನಡುವಿನ ದಾರಿಯನ್ನು.

ಮೊದಲು ಹೊಗೆಯಂತ್ರ ಹಚ್ಚಿದರು. ಪೈಪಿಗೆ ಹೊಗೆ ತುಂಬಿದರೆ ಸೋರುವ ಕಡೆ ಹೊರಬರಬೇಕು. ಬರಲಿಲ್ಲ. ಕಾಕ ಬೇಸರಿಸಲಿಲ್ಲ. “ಇದರ ಒತ್ತಡ ಕಡಿಮೆ. ಅದು ಮೆಲ್ಲ ಉಸಿರಾಡುವಾಗ ಬಾಯಿ ಮುಚ್ಚಿಕೊಂಡೇ ಉಂಟು” ಎಂದು ಟರ್ಬೊದ ಬಾಯಿಗೆ ಮುಚ್ಚಳ ಬಿಗಿದು, ಕಂಪ್ರೆಸರ್‌ನಿಂದ ನಿಧಾನವಾಗಿ ಗಾಳಿ ಏರಿಸಿದರು. 0.3 ಬಾರ್‌ನಲ್ಲಿ ನಿಶ್ಶಬ್ದ. 0.6ರಲ್ಲೂ ಏನಿಲ್ಲ. 0.9 ದಾಟುತ್ತಿದ್ದಂತೆ ಕೆಳಗಿನಿಂದ ಹಾವು ಬುಸುಗುಟ್ಟಿದ ಹಾಗೆ ಸದ್ದು. ಹುಡುಗನೊಬ್ಬ ಕಾರಿನಡಿ ತೂರಿ ಸೋಪಿನ ನೀರು ಹಚ್ಚಿದ. ಇಂಟರ್‌ಕೂಲರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪಿನ ತಳಭಾಗದಲ್ಲಿ, ಕ್ಲ್ಯಾಂಪಿನ ಪಕ್ಕ, ಉಗುರಿನಷ್ಟು ಉದ್ದದ ಸೀಳು ನೊರೆ ಉಗುಳುತ್ತಿತ್ತು. ಒತ್ತಡ ಬಿಟ್ಟ ಕೂಡಲೇ ಸೀಳಿನ ತುಟಿಗಳು ಕೂಡಿಕೊಂಡು ಗುರುತೇ ಇಲ್ಲ.

ಯಾವುದು ಎಂದು ಗೊತ್ತಾಯಿತು. ನನಗೆ ಬೇಕಾಗಿದ್ದ ಉತ್ತರ ಯಾವಾಗ ಎಂಬುದರದ್ದು. ಲೆಕ್ಕಶಾಸ್ತ್ರದಲ್ಲಿ ವರ್ಷಾಂತ್ಯದ ನಂತರದ ಘಟನೆಗಳಿಗೆಂದೇ ಒಂದು ಮಾನದಂಡವಿದೆ, ಐಎಎಸ್ 10. ಆ ತಾರೀಖಿನಂದೇ ಇದ್ದ ದೋಷ ಆಮೇಲೆ ಬೆಳಕಿಗೆ ಬಂದರೆ ಹಳೆಯ ಲೆಕ್ಕವನ್ನು ತಿದ್ದಬೇಕು. ದೋಷವೇ ಆಮೇಲೆ ಹುಟ್ಟಿದ್ದರೆ ಹಳೆಯ ಲೆಕ್ಕ ಮುಟ್ಟುವ ಹಾಗಿಲ್ಲ. ಇಲ್ಲಿ ಆ ತಾರೀಖು ಕಾರು ಕೈಬದಲಾದ ಮಾರ್ಚ್ ತಿಂಗಳಿನದು. ಆವತ್ತಿನ ದಾಖಲೆಯಲ್ಲಿ ಒತ್ತಡ ಪೂರ್ತಿ ಇತ್ತು, ಶ್ರಮ ಶೇ. 58 ಮಾತ್ರ. ಸೀಳಿದ್ದರೆ ಆ ಅಂಕಿಗಳು ಬರುವುದು ಸಾಧ್ಯವೇ ಇಲ್ಲ. ಸೀಳಿನ ಅಂಚಿನ ರಬ್ಬರು ಇನ್ನೂ ಹೊಸ ಕಪ್ಪಿನಲ್ಲಿತ್ತು. ಕ್ಲ್ಯಾಂಪು ತನ್ನ ಗೆರೆಯಲ್ಲಿ ಕೂತಿರದೆ ಓರೆಯಾಗಿ, ಅದರ ತಿರುಪಿನ ತಲೆ ಪಕ್ಕದ ಕಬ್ಬಿಣಕ್ಕೆ ತಾಗುವಂತೆ ತಿರುಗಿತ್ತು. ಹಳೆಯ ಕ್ಲ್ಯಾಂಪು ವರ್ಷಗಟ್ಟಲೆ ಕೂತಿದ್ದ ಗುರುತು ರಬ್ಬರಿನ ಮೇಲೆ ಅರ್ಧ ಅಂಗುಲ ಆಚೆ ಸ್ಪಷ್ಟವಾಗಿತ್ತು. ಮಧ್ಯೆ ಯಾರೋ ಅದನ್ನು ಬಿಚ್ಚಿ ಹಾಕಿದ್ದಾರೆ.

ಜೂನಿನಲ್ಲಿ ನಮ್ಮ ಆಫೀಸಿನ ನೆಲಮಾಳಿಗೆಯಲ್ಲಿ ಒಂದು ವ್ಯಾನು ಹಿಂದಕ್ಕೆ ಬಂದು ನಿಲ್ಲಿಸಿದ್ದ ಕಾರಿನ ಮುಂಬದಿಗೆ ಗುದ್ದಿತ್ತು. ವಿಮೆಯವರು ಹೇಳಿದ ಗ್ಯಾರೇಜಿನಲ್ಲಿ ಬಂಪರ್ ಬದಲಿಸಿ ಬಣ್ಣ ಹೊಡೆದು ಕೊಟ್ಟಿದ್ದರು. ಬಿಲ್ಲು ಫೈಲಿನಲ್ಲೇ ಇತ್ತು. ಇಂಟರ್‌ಕೂಲರ್ ಬಿಚ್ಚಿ ಜೋಡಿಸಿದ್ದಕ್ಕೆ ಒಂದು ಸಾಲು ಕೂಲಿಯೂ ಅದರಲ್ಲಿ ನಮೂದಾಗಿತ್ತು. ಅಲ್ಲಿಯ ಯಾರೋ ಒಬ್ಬ ಹುಡುಗ, ಸೆಖೆಯಲ್ಲಿ, ಅವಸರದಲ್ಲಿ ಕ್ಲ್ಯಾಂಪು ಬಿಗಿದಿರಬೇಕು. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹೊಸ ಪೈಪು 380 ದಿರ್ಹಮ್, ಎರಡು ಕ್ಲ್ಯಾಂಪು 40. ಕಾಕನ ಕೂಲಿ ಸೇರಿಯೂ ಆ 14,500ರ ಹತ್ತನೇ ಒಂದು ಪಾಲು ಆಗಲಿಲ್ಲ.

ಮತ್ತೆ ರಾತ್ರಿ, ಮತ್ತೆ 33 ಡಿಗ್ರಿ, ಅದೇ ಉರುಳೆ: 238. ಅಲ್ಲೇ ಕುಳಿತು ಪಟ್ಟಿ ಬರೆದೆ. ಹಗಲಿನ ಸೆಖೆ 12, ಫಿಲ್ಟರ್ 2, ಸೀಳು 23. ಒಟ್ಟು 37. ಉಳಿದ ಒಂಬತ್ತು? ಗಾಳಿಯ ಸಾಂದ್ರತೆ ನಿರಪೇಕ್ಷ ತಾಪಮಾನಕ್ಕೆ ವಿಲೋಮವಾಗಿ ಇಳಿಯುತ್ತದೆ. 21 ಡಿಗ್ರಿ ಎಂದರೆ 294 ಕೆಲ್ವಿನ್, 33 ಎಂದರೆ 306. 247ನ್ನು 294ರಿಂದ ಗುಣಿಸಿ 306ರಿಂದ ಭಾಗಿಸಿದರೆ 237 ಚಿಲ್ಲರೆ. ಟರ್ಬೊ ಎಂಜಿನ್ನಿಗೆ ಈ ಸೂತ್ರ ಒರಟು ಅಂದಾಜು ಮಾತ್ರ, ಉರುಳೆಯ ಅಳತೆಯೂ ಶೇಕಡಾ ಒಂದೆರಡು ಆಚೀಚೆ ಆಗುತ್ತದೆ. ಆದರೂ ಆ ಒಂಬತ್ತು ಚಳಿಗಾಲಕ್ಕೆ ಬರಬೇಕಾದ ಬಾಕಿ ಎಂದು ಬರೆದೆ, ಇನ್ನೂ ನಗದಾಗದ ಚೆಕ್ಕಿನ ಹಾಗೆ. ಡಿಸೆಂಬರಿನಲ್ಲಿ, 22 ಡಿಗ್ರಿಯ ಒಂದು ಬೆಳಗ್ಗೆ ಪುನಃ ಓಡಿಸಿದಾಗ 246 ಬಂತು. ಚೆಕ್ಕು ಪಾಸಾಯಿತು.

ಪಟ್ಟಿಯನ್ನು ಮೊದಲು ಕಳಿಸಿದ್ದು ಭದ್ರಾವತಿಗೆ. ಐದು ನಿಮಿಷದಲ್ಲಿ ಫೋನು ಬಂತು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಅಣ್ಣ, ನಿಂಗೆ ಗೊತ್ತಿತ್ತೇನೋ ಅಂತ ನೀವು ಒಂದು ಸಲನೂ ಕೇಳಲಿಲ್ಲ” ಎಂದ. “ಕೇಳಿದ್ದರೆ ಇಲ್ಲ ಅಂತಿದ್ದೆ. ನಂಬಬೇಕೋ ಬೇಡವೋ ಅನ್ನೋ ತೊಂದರೆ ಆಗ ನಿಮಗೇ ಅಲ್ವಾ?” ನಾನು ಹೇಳಿದೆ: “ನಿನ್ನ ಫೈಲನ್ನು ಕೇಳಿದೆನಲ್ಲ ಮಾರಾಯ, ಅದು ಸರಿಯಾಗಿ ಉತ್ತರ ಹೇಳಿತು.” ಅವನು ನಕ್ಕ, ಆಮೇಲೆ ಮೂಗು ಸೀಟಿದ ಸದ್ದು ಕೇಳಿಸಿತು. ಫೋನನ್ನು ಅತ್ತಿಗೆಗೆ ಕೊಡಿ ಎಂದ.

ಎರಡನೆಯ ಪ್ರತಿಯನ್ನು ಶನಿವಾರದ ಅವಲಕ್ಕಿಗೆ ಒಯ್ದೆ. ಗಾಸಿಪ್ಪನ್ನು ಗಾಸಿಪ್ಪಿನಿಂದ ಗೆಲ್ಲಲಾಗುವುದಿಲ್ಲ, ಆದರೆ ಕನ್ನಡದವರಿಗೆ ಕಾಗದದ ಮೇಲೆ ಇನ್ನೂ ಗೌರವವಿದೆ. ಅಬುಧಾಬಿಯ ಕೆಲಸದ ಮಾತಾಡುತ್ತಿದ್ದ ಹಿರಿಯರು ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಓದಿದರು. ಸೆಖೆಯ ಸಾಲಿನಲ್ಲಿ ಒಂದು ಪ್ರಶ್ನೆ ಕೇಳಿದರು, ಸೀಳಿನ ಫೋಟೊ ನೋಡಿದರು. ಮಾರ್ಚಿನ ಅಂಕಿಯ ಮೇಲೆ ಬೆರಳಿಟ್ಟು, “ಇದು ಅವನೇ ಇಟ್ಟಿದ್ದ ದಾಖಲೆಯಾ?” ಎಂದರು. ಹೌದೆಂದೆ. “ಇಷ್ಟು ಶಿಸ್ತಾಗಿ ಕಾಗದ ಇಡೋ ಎಂಜಿನಿಯರ್ ಸೈಟಿನಲ್ಲಿ ಬೇಕು” ಎಂದು ಕಾಗದ ಮಡಿಸಿ ಜೇಬಿಗಿಟ್ಟರು. ಅವನು ಮುಂದಿನ ಫೆಬ್ರವರಿಯಲ್ಲಿ ಅಬುಧಾಬಿಗೆ ಬಂದಿಳಿದ.

ಅವನಿಗೆ ಕಾರು ವಾಪಸ್ ಬೇಕೇ ಎಂದು ಕೇಳಿದೆ. “ಬೇಡ ಅಣ್ಣ, ಈಗ ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು” ಎಂದ.

ಈ ಊರಿಗೆ ಬಂದ ನಾವೆಲ್ಲರೂ ಒಂದಲ್ಲ ಒಂದು ದಿನ ಏನನ್ನಾದರೂ ಮಾರಿ ಹೋಗುವವರೇ. ಸೋಫಾ, ಫ್ರಿಜ್ಜು, ಕಾರು, ಮಕ್ಕಳ ಸೈಕಲ್ಲು. ಕೊಳ್ಳುವವನು ನಮ್ಮವನೇ ಆಗಿರುತ್ತಾನೆ, ಆಮೇಲೆ ಕೆಡುವುದೆಲ್ಲ ನಮ್ಮ ಹೆಸರಿನಲ್ಲೇ ಕೆಡುತ್ತದೆ. ಹಾಗಾಗಿ ಆ ಫೈಲನ್ನು ನಾನು ಮುಂದುವರಿಸಿದ್ದೇನೆ. ಐದು ಡೈನೊ ಕಾಗದ, ಸಮನ್ವಯದ ಪಟ್ಟಿ, ಸೀಳಿದ ಪೈಪಿನ ಫೋಟೊ, ಕಾಕನ ಕೈಬರಹದ ಬಿಲ್ಲು, ಎಲ್ಲವೂ ತಾರೀಖಿನ ಕ್ರಮದಲ್ಲಿವೆ. ಮೊದಲ ಅರ್ಧ ಅವನ ಅಕ್ಷರ, ಉಳಿದರ್ಧ ನನ್ನದು. ಮುಂದೆ ಕಾರು ಯಾರ ಕೈಗೆ ಹೋದರೂ ಕೀಲಿಯ ಜೊತೆ ಅದನ್ನೂ ಕೊಡುತ್ತೇನೆ.